ದೂರದ ಹಾದಿಗೆ ಹಳೆಯ ಮೋಟಾರ್ ಸೈಕಲ್

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮೈಸೂರು, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಮಡಿಕೇರಿ, ಸಂಪಾಜೆ, ಸುಳ್ಯದ ಹಾದಿಯಾಗಿ ಕಾಸರಗೋಡಿಗೆ ಮೋಟಾರ್ ಸೈಕಲಿನಲ್ಲೇ ಬರುವವರು ಹೆಚ್ಚುತ್ತಿದ್ದಾರೆ. ಹೊಸ ವಾಹನದ ಬೆಲೆ ಕೈಗೆಟುಕದಾಗ ಹಳೆಯದನ್ನು ಅರಸುವುದು ಸಹಜ. ಅಡಕೆ ಮಾರಿದ ಹಣವನ್ನು ಮಗನ ಕೈಗಿಡುವ ತಂದೆತಾಯಿಗಳೂ ಓದಲೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ನೂರು ಸಿ.ಸಿ.ಯ ಬೈಕು ಪೇಟೆಗೆ ಹೋಗಿಬರಲು ಉತ್ತಮವೇ. ಆದರೆ ಅದರ ಬಲ ಸುಮಾರು ಎಂಟು ಅಶ್ವಶಕ್ತಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ಬಲವೆಲ್ಲ ಬಹುಮಟ್ಟಿಗೆ ವ್ಯಯವಾಗಿರುತ್ತದೆ. ಲಾರಿಯನ್ನು ಹಿಂದಿಕ್ಕಬೇಕಾದಾಗ ಮಿಕ್ಕಿರುವುದು ಅತ್ಯಲ್ಪ. ಬುಲೆಟ್, ಕ್ಲಾಸಿಕ್ ಮುಂತಾದ 350 ಸಿ.ಸಿ.ಯವು ಸುಮಾರು 20 ಅಶ್ವಶಕ್ತಿಯವು. ಅದೇ ವೇಗದಲ್ಲಿ ಏದುಸಿರಿಲ್ಲದೆ ಸಾಗುತ್ತವೆ. ಅದಕ್ಕಿಂತ ದೊಡ್ಡದು ನಮಗೆ ಬೇಕಿಲ್ಲವೆಂದೇ ನಮ್ಮ ಮತ. ಇವುಗಳ ತೂಕವೇ ಎರಡು ಕ್ವಿಂಟಾಲಿಗೆ ಸಮೀಪ. ಸವಾರನ ಎರಡೂ ಪಾದ ನೆಲ ಮುಟ್ಟುವಂತಿರಲಿ.

ಕ್ಲಾಸಿಕ್ 350 ಮಾರುಕಟ್ಟೆಗೆ ಬಂದುದು 2009ರಲ್ಲಿ. 2021ರಲ್ಲಿ ಬಂದ ಹೊಸ ಎಂಜಿನಿನಲ್ಲಿ ಹಳೆಯದರ ಕಂಪನ ಬಹಳ ತಗ್ಗಿದೆ. ಮುನ್ನೂರು ಕಿಲೋಮೀಟರಿನ ಬಳಿಕ ಬೆರಳುಗಳು ಜೋಮು ಹಿಡಿಯುವ ತೊಂದರೆಯೂ ಅಷ್ಟರಮಟ್ಟಿಗೆ ಕಡಿಮೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ಡಿಯ ಮೇಲೆ ನಮ್ಮ ಪೀಳಿಗೆಗೆ ಮಮತೆಯುಂಟು. ಆದರೆ ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಘಾಟಿಯ ನಡುವೆ ಕೆಟ್ಟು ನಿಂತರೆ ಮಮತೆಯಿಂದ ಬಿಡಿಭಾಗ ಹುಟ್ಟದು. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆಲ್ಲ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚಿ ಜಾರದಂತೆ ತಡೆಯುವುದು ಇದೇ. ನಮ್ಮ ಮಳೆಗಾಲವನ್ನು ಬಲ್ಲವರು ಹತ್ತುಸಾವಿರ ಹೆಚ್ಚು ಕೊಟ್ಟಾದರೂ ಆ ನಂತರದ್ದನ್ನೇ ಕೊಳ್ಳುವುದು ಲೇಸು.

ವಾಹನವನ್ನು ಬೆಳಗ್ಗೆ, ಎಂಜಿನು ತಣ್ಣಗಿರುವಾಗ ನೋಡಬೇಕು. ನಾವು ಹೋಗುವ ಮೊದಲೇ ಮಾರುವಾತ ಅದನ್ನು ಬಿಸಿಮಾಡಿಟ್ಟಿದ್ದರೆ ಸಂಶಯಪಡಬೇಕು. ಸೈಲೆನ್ಸರಿನಿಂದ ನೀಲಿಹೊಗೆ ಬರುತ್ತಲೇ ಇದ್ದರೆ ಎಂಜಿನು ಎಣ್ಣೆ ಸುಡುತ್ತಿದೆ ಎಂದರ್ಥ. ಮೀಟರಿನ ಅಂಕಿಯನ್ನು ತಿದ್ದಬಹುದು. ಬ್ರೇಕಿನ ಪೆಡಲು, ಕಾಲಿಡುವ ರಬ್ಬರುಗಳ ಸವೆತವನ್ನು ಯಾರೂ ತಿದ್ದುವುದಿಲ್ಲ. ಮುಂಚಕ್ರವನ್ನು ಎತ್ತಿಸಿ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದಾಗ ನಡುವೆ ಸಿಕ್ಕಿಕೊಂಡಂತಾದರೆ ಕೋನ್‌ಸೆಟ್ ಸವೆದಿದೆ. ಕರಾವಳಿಯ ಉಪ್ಪುಗಾಳಿಗೆ ಟ್ಯಾಂಕಿನ ಒಳಗೆ, ಚಾಸಿಯ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಹೊಸ ಬಣ್ಣ ಕಂಡಲ್ಲಿ ಬೆರಳಿನಿಂದ ತಟ್ಟಿನೋಡಿ. ಟಯರಿನ ಪಕ್ಕದ ನಾಲ್ಕು ಅಂಕಿಗಳನ್ನೂ ಓದಬೇಕು: 2319 ಎಂದರೆ 2019ರ 23ನೆಯ ವಾರದ ತಯಾರಿ. ಹೆಚ್ಚು ಓಡದಿದ್ದರೂ ಹಳೆಯ ರಬ್ಬರು ಗಡಸಾಗಿ ಮಳೆಯಲ್ಲಿ ಜಾರುತ್ತದೆ.

ಇನ್ನು ಕಾಗದಪತ್ರ. ನಮ್ಮ ಮಾತಿಗೆ ತಲಪಾಡಿಯಲ್ಲಿ ಗಡಿಯಿಲ್ಲ, ನಂಬರ್ ಪ್ಲೇಟಿಗುಂಟು. ಮಂಗಳೂರಿನ ಕೆ.ಎ. 19ರ ಬೈಕು ಅಗ್ಗವಾಗಿ ಸಿಕ್ಕಿತೆಂದು ತಂದು, ಹಾಗೆಯೇ ಓಡಿಸುತ್ತಿರುವವರು ನಮ್ಮ ನೆರೆಯಲ್ಲೇ ಇದ್ದಾರೆ. 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿರಿಸುವ ವಾಹನಕ್ಕೆ ಅಲ್ಲಿನ ನೋಂದಣಿ ಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ ವಿಧಿ. ಅದಕ್ಕೆ ಮೊದಲು 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ, ಬಳಿಕ ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು, ಸಾಲವಿದ್ದಲ್ಲಿ ಅದು ತೀರಿತೆಂಬುದಕ್ಕೆ 35ನೆಯದು. ಕೇರಳದ ತೆರಿಗೆಯನ್ನೂ ಕೂಡಿಸಿ ಲೆಕ್ಕಹಾಕಿದಾಗ ಎಷ್ಟೋ ಸಲ ಆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ. ಮಾರುವವರಿಗೂ ಇದು ಹಗುರದ ವಿಷಯವಲ್ಲ. ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಒಡೆಯನದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು.

ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ ಟಯರು, ಚೈನು, ಬ್ರೇಕು ಪ್ಯಾಡು, ಎಂಜಿನ್ ಆಯಿಲುಗಳಿಗಾಗಿ ಒಂದಂಶವನ್ನು ಉಳಿಸಿಕೊಳ್ಳಿ. ತಂದ ಬಳಿಕ ಒಂದು ತಿಂಗಳು ಕುಂಬಳೆ, ಬದಿಯಡ್ಕಗಳ ನಡುವೆಯೇ ಓಡಲಿ. ಅಡಗಿದ ದೋಷಗಳು ಅಷ್ಟರಲ್ಲಿ ಹೊರಬೀಳುತ್ತವೆ. ಸಂಪಾಜೆ ಘಾಟಿ ಆಮೇಲೆ.