ಟೈಲ್ಸ್ ಅಡಿಯ ಗೌಂಡಿ ಕೆಲಸ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೇ ಮನೆಗಳಲ್ಲಿ ಬಚ್ಚಲಿಗೆ ಶಹಾಬಾದಿ ಫರ್ಸಿ ಹಾಸಿದರೆ ಮುಗಿಯುತ್ತಿತ್ತು. ಸಂದಿಯಲ್ಲಿ ಇಳಿದ ನೀರು ನೆಲಕ್ಕೆ, ಹೊರಗೆ ಹರಿದದ್ದು ಹಿತ್ತಲ ಬಾಳೆಗೆ. ಈಗ ಬಚ್ಚಲು ಮಹಡಿ ಏರಿದೆ. ಅದರ ಕೆಳಗೆ ಮಣ್ಣಿಲ್ಲ, ಯಾರದೋ ಹಾಸಿಗೆ ಇದೆ.

ಶವರಿನ ನೀರನ್ನು ತಡೆಯುವುದು ಟೈಲ್ಸ್ ಎಂದು ನಂಬಿದವರೇ ಹೆಚ್ಚು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರದು, ನಿಜ. ಆದರೆ ನಡುವಿನ ಸಿಮೆಂಟ್ ಗ್ರೌಟ್ ಹೀರುತ್ತದೆ. ಹಾಗಾಗಿ ಬಲ್ಲ ಗೌಂಡಿಯ ಜಾಣತನದ ಬಹುಪಾಲು ಟೈಲ್ಸ್ ಕೂರುವ ಮೊದಲೇ ಖರ್ಚಾಗಿರುತ್ತದೆ.

ಅವನು ಮೊದಲು ನೋಡುವುದು ಪೈಪಿನ ಸುತ್ತ. ಪಿವಿಸಿ ನುಣುಪು, ಒಣಗುತ್ತ ಕುಗ್ಗಿದ ಸಿಮೆಂಟ್ ಅದನ್ನು ಬಿಟ್ಟು ಸರಿಯುತ್ತದೆ, ನೀರಿಗೆ ಅಷ್ಟು ಸಂದು ಸಾಕು. ಅಲ್ಲಿ ಕೆತ್ತಿ, ಕುಗ್ಗದ ಗ್ರೌಟ್ ತುಂಬುತ್ತಾನೆ. ಆಮೇಲೆ ನೆಲ ಗೋಡೆ ಕೂಡುವ ಮೂಲೆ. ಈ ಭಾಗದಲ್ಲಿ ಎರೆಮಣ್ಣು ಬಹಳ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ನಿಂತ ಮನೆ ಒಂದಿಷ್ಟು ಅಲುಗಿದರೂ ಪೆಟ್ಟು ಮೂಲೆಗೆ. ಅದಕ್ಕೇ ಮೂಲೆಯನ್ನು ಗಾರೆಯಿಂದ ದುಂಡಗೆ ತೀಡಿ, ನಾರಿನ ಜಾಳಿಗೆ ಹುದುಗಿಸುತ್ತಾನೆ. ಪಾಲಿಮರ್ ಬೆರೆತ ಸಿಮೆಂಟ್ ಲೇಪನವನ್ನು ಅಂಬಲಿಯ ಹದಕ್ಕೆ ಕಲಸಿ ಮೊದಲ ಕೈ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ ಬಳಿಯುತ್ತಾನೆ. ಒಂದು ಕೈ ತಪ್ಪಿಸಿದ ಸೂಜಿತೂತನ್ನು ಇನ್ನೊಂದು ಮುಚ್ಚುತ್ತದೆ. ಶವರಿನ ಗೋಡೆಯಲ್ಲಿ ಲೇಪನ ಆಳೆತ್ತರ ಏರಬೇಕು.

ಲೇಪನ ಗಟ್ಟಿಯಾದ ಮೇಲೆ ನೀರು ಹೋಗುವ ತೂತು ಮುಚ್ಚಿ 48 ತಾಸು ನೀರು ನಿಲ್ಲಿಸಿ, ಕೆಳಗಿನ ಛಾವಣಿ ಪರೀಕ್ಷಿಸುತ್ತಾನೆ. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡ ಯಜಮಾನರಿಗೆ ಸಿಟ್ಟು ಬರುವುದು ಇಲ್ಲೇ. ಈ ಎರಡು ದಿನ ಬಿಟ್ಟುಕೊಡದ ಗೌಂಡಿಗೆ ನನ್ನ ಗೌರವ.

ನೆಲದ ಢಾಳು ಇನ್ನೊಂದು ಕಸುಬು. 80ಕ್ಕೆ 1ರ ಲೆಕ್ಕದಲ್ಲಿ ನಾಲ್ಕಡಿಗೆ ಸುಮಾರು 15 ಮಿಲಿಮೀಟರ್ ಇಳಿಯಬೇಕು, ನಾಲ್ಕೂ ಕಡೆಯಿಂದ ನಹಾನಿ ಟ್ರ್ಯಾಪಿನ ಕಡೆಗೆ. ಎರಡಡಿಯ ಟೈಲ್ಸ್ ಹಾಗೆ ಬಾಗುವುದಿಲ್ಲ, ಕರ್ಣಕ್ಕೆ ಕೊಯ್ಯಬೇಕು. ಅಂಗಡಿಯಲ್ಲಿ ದೊಡ್ಡದು ಚಂದ ಕಂಡರೂ ಬಚ್ಚಲ ನೆಲಕ್ಕೆ ಒಂದಡಿಯದೇ, ಅದೂ ಜಾರದ್ದು, ಮೇಲು.

ಅಂಟನ್ನು ನಾಲ್ಕು ಮೂಲೆಗೆ ಗುಡ್ಡೆ ಇಟ್ಟು ಒತ್ತಿದರೆ ನಡುವೆ ಪೊಳ್ಳು. ಅಲ್ಲಿ ನೀರು ನಿಲ್ಲುತ್ತದೆ, ಬಕೆಟ್ ಬಿದ್ದರೆ ಟೈಲ್ಸ್ ಒಡೆಯುತ್ತದೆ. ಬಲ್ಲ ಗೌಂಡಿ ಹಲ್ಲಿನ ಕರಣಿಯಿಂದ ಒಂದೇ ದಿಕ್ಕಿಗೆ ಗೀರಿ ಹಾಸುತ್ತಾನೆ, ಹಾಸಿದ್ದರಲ್ಲಿ ಒಂದನ್ನು ಎತ್ತಿ ಬೆನ್ನು ತುಂಬಿದೆಯೇ ಎಂದು ನೋಡುತ್ತಾನೆ. ಮರುದಿನ ನಾಣ್ಯದಿಂದ ತಟ್ಟುತ್ತ ಹೋಗಿ, ಪೊಳ್ಳು ಸದ್ದಿನದಕ್ಕೆ ಪೆನ್ಸಿಲ್ ಗುರುತು ಹಾಕಿ, ಗ್ರೌಟ್ ತುಂಬುವ ಮೊದಲೇ ಕಿತ್ತು ಬೇರೆ ಕೂರಿಸುತ್ತಾನೆ. ಆ ಒಂದು ಟೈಲ್ಸಿನ ದುಡ್ಡು ಯಾರ ಲೆಕ್ಕಕ್ಕೆ ಎಂಬ ವಾದ ಆಮೇಲೆ.