ಮಜ್ಜೆಯ ಸಾಲಾವಳಿ

ತಿಪಟೂರು ಬಳಿಯ ನೊಣವಿನಕೆರೆ ಸುತ್ತಿನ ತೋಟದವರಿಗೆ ‘ಕಸಿ’ ಅಂದರೆ ಮಾವು, ಸಪೋಟ. ಚಾಕು, ಕೊಂಬೆ, ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ ಪಟ್ಟಿ. ತೆಂಗಿಗೆ ಮಾತ್ರ ಈ ವಿದ್ಯೆ ನಡೆಯುವುದಿಲ್ಲ. ಒಳ್ಳೆಯ ತಾಯಿಮರದ ಕಾಯಿ ಆರಿಸಿ, ಹೂತು, ಸಸಿ ಏಳಿಸಬೇಕು. ಪತ್ರಿಕೆಯಲ್ಲಿ ‘ಅಸ್ಥಿಮಜ್ಜೆ ಕಸಿ’ ಎಂದು ಓದಿದಾಗಲೂ ಕಣ್ಣಿಗೆ ಕಟ್ಟುವುದು ಚಾಕುವೇ. ಆದರೆ ಈ ಚಿಕಿತ್ಸೆಯದು ಮಾವಿನ ದಾರಿಯಲ್ಲ, ತೆಂಗಿನ ದಾರಿ. ದಾನಿಯ ಕಾಂಡಕೋಶಗಳು, ಅಂದರೆ ರಕ್ತದ ಕಣಗಳನ್ನು ಹುಟ್ಟಿಸುವ ಮೂಲಕೋಶಗಳು, ರಕ್ತ ಏರಿಸುವ ಹಾಗೆಯೇ ಚೀಲದಿಂದ ರೋಗಿಯ ನಾಳಕ್ಕೆ ಇಳಿಯುತ್ತವೆ. ಮೂಳೆಯೊಳಗಿನ ತಮ್ಮ ಜಾಗವನ್ನು ಅವೇ ಹುಡುಕಿಕೊಂಡು ಹೋಗುತ್ತವೆ. ಎರಡು-ನಾಲ್ಕು ವಾರದಲ್ಲಿ ಬೇರು ಬಿಟ್ಟರೆ ಅರ್ಧ ಗೆದ್ದಂತೆ.

ಮಜ್ಜೆ ಎಂದರೆ ಬೆನ್ನುಹುರಿ ಎಂದು ತಿಳಿದು ಹೆದರುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಮೂಳೆಯ ಒಳಗಿನ ತಿರುಳು, ರಕ್ತದ ಕಾರ್ಖಾನೆ. ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣಗಳು ಇಲ್ಲಿ ಹುಟ್ಟುತ್ತವೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯ, ಅಪ್ಲಾಸ್ಟಿಕ್ ಅನೀಮಿಯದಂಥ ಕಾಯಿಲೆಗಳಲ್ಲಿ ಈ ಕಾರ್ಖಾನೆಯೇ ಕೆಟ್ಟಿರುತ್ತದೆ. ಔಷಧಿ ಕೊಟ್ಟು, ಕೆಲವೊಮ್ಮೆ ವಿಕಿರಣವನ್ನೂ ಹಾಯಿಸಿ, ಹಳೆಯದನ್ನು ತೆಗೆದು ಹೊಲ ಹಸನು ಮಾಡಿದ ಮೇಲೆ ಹೊಸ ಬಿತ್ತನೆ. ಭಾರತದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಈಗ ಬೆಂಗಳೂರಿನಲ್ಲೇ ಹಲವು ಕಡೆ ಉಂಟು. ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಘಟಕವಿದೆ.

ಬೀಜ ಯಾರದ್ದು ಎಂಬಲ್ಲಿಂದ ಕಷ್ಟ ಶುರು. ರಕ್ತದ ಗುಂಪು ಒಂದೇ ಇರಬೇಕೆಂದೇನಿಲ್ಲ. ಬಿ ಗುಂಪಿನ ರೋಗಿಗೆ ಓ ಗುಂಪಿನ ದಾನಿ ಸಿಕ್ಕರೆ, ಕಸಿಯ ನಂತರ ರೋಗಿಯ ಗುಂಪೇ ಓ ಆಗಿಬಿಡುತ್ತದೆ! ಕೂಡಿಬರಬೇಕಾದದ್ದು ಎಚ್‌ಎಲ್‌ಎ ಎಂಬ ಗುರುತುಗಳು. ‘ಇವನು ನಮ್ಮವನು’ ಎಂದು ದೇಹ ತನ್ನ ಕಣಗಳನ್ನು ಪತ್ತೆಹಚ್ಚುವುದು ಇವುಗಳಿಂದ. ಇದನ್ನು ಸಾಲಾವಳಿ ಎನ್ನಬಹುದು. ಮದುವೆಗೆ 36 ಗುಣಗಳಲ್ಲಿ 18 ಬಂದರೂ ಆಗುತ್ತದೆ ಅನ್ನುವ ಜೋಯಿಸರಿದ್ದಾರೆ. ಇಲ್ಲಿ ವೈದ್ಯರು ನೋಡುವುದು ಹತ್ತಕ್ಕೆ ಹತ್ತು. ತಾಳೆಯಾಗದಿದ್ದರೆ ಹೊಸದಾಗಿ ಬಂದ ಕಣಗಳೇ ಮನೆಯ ಯಜಮಾನನನ್ನು ಹೊರಗಿನವನೆಂದು ಬಗೆದು ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುತ್ತವೆ.

ಈ ಗುರುತುಗಳಲ್ಲಿ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ. ಒಡಹುಟ್ಟಿದವರು ಪೂರ್ತಿ ಕೂಡುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎಂಟು ಮಕ್ಕಳ ಕಾಲದಲ್ಲಿ ಅದು ದೊಡ್ಡ ಭರವಸೆ. ಈಗಿನ ಇಬ್ಬರು ಮಕ್ಕಳ ಮನೆಯಲ್ಲಿ ಸಣ್ಣದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟ ಮನೆಗಳಲ್ಲಿ ಇನ್ನೊಂದು ವಿಚಿತ್ರವಿದೆ. ಥಲಸ್ಸೀಮಿಯದಂಥ ಕಾಯಿಲೆಗೆ ಅಂಥ ಮದುವೆಯೇ ದಾರಿ ಮಾಡಿಕೊಡಬಹುದು. ಆದರೆ ಗುರುತುಗಳು ಒಳಗೊಳಗೇ ಸುತ್ತುವುದರಿಂದ ಹೆತ್ತವರಲ್ಲೋ ಹತ್ತಿರದ ನೆಂಟರಲ್ಲೋ ದಾನಿ ಸಿಗುವ ಅವಕಾಶವೂ ತುಸು ಹೆಚ್ಚು. ಈಚೆಗೆ ಹತ್ತಕ್ಕೆ ಐದು ಕೂಡಿದರೂ ವಿಶೇಷ ಔಷಧಿಗಳ ಬಲದಿಂದ ಕಸಿ ಮಾಡುತ್ತಾರೆ. ಅಲ್ಲಿ ತಂದೆಯೋ ತಾಯಿಯೋ ದಾನಿಯಾಗಬಹುದು.

ಮನೆಯಲ್ಲಿ ಯಾರೂ ಕೂಡದಿದ್ದರೆ ಉಳಿಯುವುದು ದಾನಿಗಳ ನೋಂದಣಿ ಪಟ್ಟಿ. ಬೆಂಗಳೂರಿನಲ್ಲಿರುವ ಡಿಕೆಎಂಎಸ್ ಫೌಂಡೇಷನ್ ಇಂಡಿಯಾ (ಹಿಂದಿನ ಹೆಸರು ಡಿಕೆಎಂಎಸ್ ಬಿಎಂಎಸ್‌ಟಿ ಫೌಂಡೇಷನ್ ಇಂಡಿಯಾ) ಇಂಥ ಪಟ್ಟಿಯೊಂದನ್ನು ಬೆಳೆಸುತ್ತಿದೆ. ಅದರ ಒಂದು ಬೇರು 1984ರಿಂದ ಸ್ವಯಂಪ್ರೇರಿತ ರಕ್ತದಾನದಲ್ಲಿ ತೊಡಗಿರುವ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್. ಇನ್ನೊಂದು ಬೇರು ಜರ್ಮನಿಯ ಡಿಕೆಎಂಎಸ್. 1991ರಲ್ಲಿ ಪೀಟರ್ ಹಾರ್ಫ್ ಎಂಬವರು ರಕ್ತದ ಕ್ಯಾನ್ಸರ್ ಬಂದ ಹೆಂಡತಿ ಮೆಖ್ಟಿಲ್ಡ್‌ಗಾಗಿ ದಾನಿಯನ್ನು ಹುಡುಕಲು ಹೊರಟಾಗ ಹುಟ್ಟಿದ ಸಂಸ್ಥೆ ಅದು. ಆಕೆ ಅದೇ ವರ್ಷ ತೀರಿಕೊಂಡರು; ಪಟ್ಟಿ ಉಳಿದು ಬೆಳೆಯಿತು.

ಜಗತ್ತಿನ ಪಟ್ಟಿಗಳಲ್ಲಿ ಈಗ 4 ಕೋಟಿಗೂ ಮಿಕ್ಕ ಹೆಸರುಗಳಿವೆ. ಭಾರತದ್ದು ಇನ್ನೂ ಲಕ್ಷಗಳಲ್ಲೇ ಇದೆ. ಎಚ್‌ಎಲ್‌ಎ ವಂಶದ ಜಾಡಿನಲ್ಲಿ ಬರುವುದರಿಂದ ತಿಪಟೂರಿನ ರೋಗಿಗೆ ಜರ್ಮನಿಯ ಲಕ್ಷ ಹೆಸರಿಗಿಂತ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸಾವಿರ ಹೆಸರು ಹತ್ತಿರ. ನಮ್ಮ ಕಡೆಯಲ್ಲಿ ಹೆಸರು ಬರೆಸಿದವರಿಲ್ಲ ಅನ್ನುವುದೇ ದೊಡ್ಡ ಕೊರತೆ ಎಂದು ನನಗನ್ನಿಸುತ್ತದೆ.

ಹೆಸರು ಬರೆಸುವುದು ಸುಲಭ: 18ರಿಂದ 55 ವಯಸ್ಸು, ಒಳ್ಳೆಯ ಆರೋಗ್ಯ, ಕೆನ್ನೆಯ ಒಳಭಾಗಕ್ಕೆ ತೀಡುವ ಹತ್ತಿಕಡ್ಡಿ. ಮುಂದೆ ಯಾರಿಗಾದರೂ ತಾಳೆಯಾದರೆ ಕಾಂಡಕೋಶಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸಲು ನಾಲ್ಕೈದು ದಿನ ಇಂಜೆಕ್ಷನ್. ಆ ದಿನಗಳಲ್ಲಿ ಜ್ವರ ಬಂದಂತೆ ಮೈಕೈ ನೋವು, ತಲೆನೋವು. ಆಮೇಲೆ ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಕಾಂಡಕೋಶ ಮಾತ್ರ ಬೇರೆಯಾಗಿ, ಉಳಿದದ್ದು ಮರಳಿ ದೇಹಕ್ಕೆ. ಕೆಲವು ಗಂಟೆಗಳ ಕೆಲಸ. ಸೊಂಟದ ಮೂಳೆಯಿಂದಲೇ ಮಜ್ಜೆ ತೆಗೆಯುವ ಹಳೆಯ ಕ್ರಮವೂ ಇದೆ. ಅದಕ್ಕೆ ಅರಿವಳಿಕೆ ಕೊಡುತ್ತಾರೆ. ಕೊಟ್ಟದ್ದು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ದಾನಿಗೆ ಖರ್ಚಿಲ್ಲ.

ಕರೆ ಎಂದೂ ಬಾರದಿರಬಹುದು. ವರ್ಷಗಳಾದ ಮೇಲೆ, ಕೊಬ್ಬರಿ ಸುಲಿಯುವ ಗಡಿಬಿಡಿಯಲ್ಲಿ ಬರಲೂಬಹುದು. ದಿನ ಗೊತ್ತಾದ ಮೇಲೆ ಅಲ್ಲಿ ರೋಗಿಯ ಮಜ್ಜೆಯನ್ನು ಔಷಧಿಯಿಂದ ಬರಿದು ಮಾಡಿರುತ್ತಾರೆ. ಆಗ ದಾನಿ ಹಿಂದೆ ಸರಿದರೆ ಜೀವಕ್ಕೇ ಕುತ್ತು. ಆದ್ದರಿಂದ ಮೊದಲು ಮನೆಯವರೊಡನೆ ಕೂತು ಮಾತಾಡಿ. ಎಲ್ಲರ ಒಪ್ಪಿಗೆ ಗಟ್ಟಿಯಾದ ಮೇಲೆ ಹತ್ತಿಕಡ್ಡಿ ಹಿಡಿಯಿರಿ.