ಜೈಲು ಕ್ಯಾಂಟೀನಿನ ಲೆಕ್ಕ ಕೇಳೋರು ಯಾರು?

ನಂಜನಗೂಡು, ತಿ. ನರಸೀಪುರದ ಕೋರ್ಟಲ್ಲಿ ಜಾಮೀನು ಸಿಗಲಿಲ್ಲ ಅಂದ್ರೆ ಸಾಮಾನ್ಯವಾಗಿ ಮೈಸೂರು ಕೇಂದ್ರ ಕಾರಾಗೃಹವೇ ಗತಿ. ಒಳಗೆ ನಗದು ಇಟ್ಕೊಳ್ಳೋ ಹಾಗಿಲ್ಲ. ಮನೆಯವರು ಕಟ್ಟಿದ ದುಡ್ಡು ಕೈದಿಯ ಲೆಕ್ಕಕ್ಕೆ ಜಮೆ. ಸೋಪು, ಬಿಸ್ಕತ್ತು ಕೊಂಡ್ರೆ ಅದರಲ್ಲೇ ಕಡಿತ. ಇರೋದು ಒಂದೇ ಕ್ಯಾಂಟೀನು. ಪೊಟ್ಟಣದ ಮೇಲಿನ ದರಕ್ಕಿಂತ ಎರಡು ರೂಪಾಯಿ ಹೆಚ್ಚು ಕೇಳಿದ್ರೂ ಪಕ್ಕದಂಗಡಿಗೆ ಹೋಗೋಕಾಗಲ್ಲ. ಅದಕ್ಕೇ ಇಲ್ಲಿ ಆಡಿಟ್ ಬೇಕೇ ಬೇಕು. ಖರೀದಿ ಬಿಲ್ಲು, ದಾಸ್ತಾನು ಪುಸ್ತಕ, ಕೈದಿಯ ಲೆಕ್ಕ ಮೂರೂ ತಾಳೆಯಾಗಬೇಕು.

ಅಮೆರಿಕದಲ್ಲಿ ಖಾಸಗಿ ಕಂಪನಿಗಳೂ ಜೈಲು ನಡೆಸುತ್ತವೆ. ನಮ್ಮಲ್ಲಿ ಅದು ರಾಜ್ಯ ಸರ್ಕಾರದ್ದೇ. ಹಾಗಾಗಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಲೆಕ್ಕ ಕೇಳಬಹುದು, ನೀವೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ, 10 ರೂಪಾಯಿ ಶುಲ್ಕ. ಕ್ಯಾಂಟೀನಿನ ದರಪಟ್ಟಿ, ಆಡಿಟ್ ವರದಿ ಕೊಡಿ ಅಂತ ಕಾರಾಗೃಹದ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ.